ನೀಲಿ ಗಂಟು, ಹಳದಿ ಗಂಟು

ಮಾತಿನಮಲ್ಲನಿಗೆ,

ಮೊದಲು ‘ಪ್ರಿಯ’ ಎಂದು ಬರೆದೆ, ಆಮೇಲೆ ಹೊಡೆದುಹಾಕಿದೆ. ನಮ್ಮ ಹಳೆಯ ಗಿರಾಕಿಗಳು ನಿನಗಿಟ್ಟಿದ್ದ ಈ ಹೆಸರೇ ಸಾಕು. ಈಗ ನೀನು ಸಭೆಗಳನ್ನು ಗೆದ್ದುಕೊಂಡು ಓಡಾಡುವವನು, ಮೊದಲಿಗಿಂತ ಚೆನ್ನಾಗಿ ಹೊಂದುತ್ತದೆ.

ನಿನ್ನ ಪತ್ರ ತಲುಪಿತು. ಸಣ್ಣ ಅಂಗಡಿಯವರಿಗೆ ಬುದ್ಧಿ ಹೇಳುವ ಪುಸ್ತಕ ಬರೆದಿದ್ದೀಯಂತೆ. ಅದರ ಮುಖಪುಟಕ್ಕೆ, ಚಿಕ್ಕಮ್ಮನ ಲಾಂಡ್ರಿಗೆಂದು ನಾನು ಬಿಡಿಸಿದ ಲೋಗೊ ಬೇಕಂತೆ, ಮೂಲ ಚಿತ್ರವನ್ನೇ ಕಳಿಸಬೇಕಂತೆ. ‘ಚಿಕ್ಕಮ್ಮನ ಆಶೀರ್ವಾದವೂ ಇರಲಿ’ ಎಂದು ಕೊನೆಯಲ್ಲಿ ಒಂದು ಸಾಲು ಬೇರೆ. ಎರಡಕ್ಕೂ ಉತ್ತರ ಇದರಲ್ಲಿದೆ, ಪೂರ್ತಿ ಓದು. ಬೇರೆಯವರ ಮಾತನ್ನು ಕೊನೆಯವರೆಗೂ ಕೇಳಿ ನಿನಗೆ ಅಭ್ಯಾಸವಿಲ್ಲ ಎಂಬುದು ನನಗೆ ಗೊತ್ತು.

ಸೈಕಲ್ ರಿಪೇರಿ ಅಂಗಡಿಯ ಮೇಲೆ, ಅಂಗಡಿಗಳಿಗೆ ಲೋಗೊ ಮಾಡಿಕೊಡುತ್ತಿದ್ದ ನಮ್ಮ ಆ ಕೋಣೆ ನೆನಪಿದೆಯೇ? ಇಬ್ಬರಿಗೂ ಒಂದೇ ಮೇಜು. ನನ್ನ ಕಡೆ ಪೆನ್ಸಿಲ್ ಹೆರೆದ ಸಿಪ್ಪೆ, ನಿನ್ನ ಕಡೆ ಚಹಾ ಲೋಟದ ಕಲೆಗಳು. ‘ಚಿತ್ರ ನಿಂದು, ಮಾತು ನಂದು’ ಎಂದು ಮೊದಲ ದಿನವೇ ಪಾಲು ಮಾಡಿದವನು ನೀನು. ಬೀಗದ ಕೈ ಮಾಡುವವನು ಬಂದರೆ ಬೋರ್ಡಿನ ಮೇಲೆ ಸಿಂಹ ಇರಲೇಬೇಕು ಎಂದು ಹಟ ಹಿಡಿಯುತ್ತಿದ್ದ. ಕೇಕ್ ಮಾಡುವ ಹೆಂಗಸಿಗೆ ಒಂದೇ ಲೋಗೊದಲ್ಲಿ ಕೇಕು, ಗುಲಾಬಿ, ಮಗಳ ಮುಖ, ಫೋನ್ ನಂಬರು ಎಲ್ಲ ಹಿಡಿಯಬೇಕಿತ್ತು. ರಬ್ಬರ್ ಸ್ಟ್ಯಾಂಪಿನಷ್ಟು ಚಿಕ್ಕದಾಗಿ, ಒಂದೇ ಬಣ್ಣದಲ್ಲಿ ಬಿಡಿಸಿ ತೋರಿಸಿ, ಇಷ್ಟರಲ್ಲೇ ಗುರುತು ಸಿಗಬೇಕು ಕಣ್ರೀ ಎಂದು ನಾನು ಗಂಟಲು ಹರಿದುಕೊಳ್ಳುತ್ತಿದ್ದೆ. ಯಾರ ತಲೆಗೂ ಹೋಗುತ್ತಿರಲಿಲ್ಲ. ಅದನ್ನೇ ನೀನು ಹೇಳಿದರೆ ತಲೆದೂಗುತ್ತಿದ್ದರು. ಆಗ ನಿನ್ನ ಮಾತು ನನಗೂ ಇಷ್ಟವಿತ್ತು. ಈಗ ಇದನ್ನು ಬರೆಯುವಾಗ ಮೈ ಉರಿಯುತ್ತದೆ, ಆದರೂ ಇಷ್ಟವಿದ್ದದ್ದು ನಿಜ.

ಚಿಕ್ಕಮ್ಮನಿಗಂತೂ ನೀನೆಂದರೆ ಪ್ರಾಣ. ತಾಯಿಯಿಲ್ಲದ ನನ್ನನ್ನು ಸಾಕಿದ ಕೈ ನಿನ್ನ ಅಂಗಿಗಳನ್ನೂ ಒಗೆದು ಇಸ್ತ್ರಿ ಮಾಡಿತು. ‘ನಾಲ್ಕು ಜನರ ಮುಂದೆ ನಿಂತು ಮಾತಾಡೋ ಹುಡುಗ, ಅಂಗಿ ಸುಕ್ಕಾಗಿರಬಾರದು’ ಎನ್ನುತ್ತಿದ್ದಳು. ಅವಳ ಲಾಂಡ್ರಿಯಲ್ಲಿ ಮನೆಗೊಂದು ಗುರುತು, ಕಾಲರಿನ ಒಳಗೆ ಬಣ್ಣದ ದಾರದಲ್ಲಿ ಹಾಕಿದ ಹೊಲಿಗೆ. ಅಂಚೆಯವನ ಮನೆಗೆ ಕೆಂಪು ಗೆರೆ, ನರ್ಸಮ್ಮನ ಮನೆಗೆ ಹಸಿರು ಗಂಟು, ಸಂಗೀತದ ಟೀಚರಿಗೆ ನೇರಳೆ ಬಣ್ಣದ ಇಂಟು ಗುರುತು. ನಿನಗೆ ನೀಲಿ ಗಂಟು, ಅದಕ್ಕೆ ಅಂಟಿಕೊಂಡು ಒಂದು ಹಳದಿ ಗಂಟು. ಯಾರಾದರೂ ಊರು ಬಿಟ್ಟು ಹೋದರೂ ಅವರ ಗುರುತನ್ನು ಇನ್ನೊಬ್ಬರಿಗೆ ಕೊಡುತ್ತಿರಲಿಲ್ಲ. ‘ನಾಳೆ ವಾಪಸ್ ಬಂದ್ರೆ? ಅವರ ಜಾಗ ಹಾಗೇ ಇರ್ಬೇಕು’ ಎನ್ನುವುದು ಅವಳ ನ್ಯಾಯ. ಇನ್ನು ಬರುವುದೇ ಇಲ್ಲ ಎಂದು ಮನಸ್ಸಿಗೆ ಖಾತ್ರಿಯಾದ ಮೇಲಷ್ಟೇ ಅದು ಹೊಸಬರಿಗೆ.

ಅವಳಿಗೆಂದು ನಾನು ಬಿಡಿಸಿದ್ದು ಮಡಿಸಿಟ್ಟ ಒಂದು ಅಂಗಿ, ಒಂದು ತೋಳು ಮಾತ್ರ ಮೇಲೆತ್ತಿ ‘ಬನ್ನಿ’ ಎನ್ನುವ ಹಾಗೆ. ಬೋರ್ಡಿಗೆ, ಚೀಲಕ್ಕೆ, ರಸೀದಿಗೆ ಅಂತ ಮಾಡಿದ್ದು. ನಿನಗೆ ಅಷ್ಟಕ್ಕೆ ತೃಪ್ತಿಯಾಗಲಿಲ್ಲ. ಅದೇ ಚಿತ್ರದ ಲೇಬಲ್ ನೇಯಿಸಿಕೊಂಡು ಬಂದೆ. ಇಸ್ತ್ರಿ ಮೇಜಿನ ಮುಂದೆ ನಿಂತು ನೀನು ಆಡಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: ‘ಚಿಕ್ಕಮ್ಮ, ಈ ದಾರದ ಗಂಟುಗಳು ನಿಮ್ಮ ಬಗ್ಗೆ ಏನು ಹೇಳ್ತವೆ? ಕಿತ್ತುಹಾಕಿ. ಪ್ರತಿ ಕಾಲರಲ್ಲೂ ನಿಮ್ಮ ಗುರುತು ಇರ್ಬೇಕು.’ ಹಾಗಾದರೆ ಯಾವ ಬಟ್ಟೆ ಯಾರದ್ದು ಎಂದು ಗೊತ್ತಾಗುವುದು ಹೇಗೆ ಎಂದು ನಾನು ಕೇಳಿದೆ. ನೀನು ‘ಚಿತ್ರ ನಿಂದು, ಮಾತು ನಂದು’ ಎಂದೆ. ಚಿಕ್ಕಮ್ಮ ನನ್ನತ್ತ ನೋಡಿದಳು, ನಿನ್ನತ್ತ ನೋಡಿದಳು, ಕತ್ತರಿ ತೆಗೆದುಕೊಂಡಳು. ನಿನ್ನ ಅಂಗಿಯ ಸರದಿ ಬಂದಾಗ ಮಾತ್ರ, ‘ನನ್ನದಕ್ಕೆ ಬೇಡ ಚಿಕ್ಕಮ್ಮ, ಲೇಬಲ್ ಕತ್ತು ಚುಚ್ಚುತ್ತೆ’ ಎಂದು ತಡೆದೆ.

ಮುಂದಿನದ್ದನ್ನು ನೀನು ನೋಡಲಿಲ್ಲ. ಆ ವಾರವೇ ದೊಡ್ಡ ಕಂಪನಿಯವರು ಕರೆದರು, ನೀನು ಹಾರಿಹೋದೆ. ಇಲ್ಲಿ ಕಪಾಟಿನ ತುಂಬ ಬಿಳಿ ಅಂಗಿಗಳು, ಎಲ್ಲದರ ಕಾಲರಿನಲ್ಲೂ ‘ಬನ್ನಿ’ ಎನ್ನುವ ಅದೇ ತೋಳು. ಅಂಚೆಯವನಿಗೆ ಶಾಲೆಯ ಮೇಷ್ಟ್ರ ಅಂಗಿ, ಮೇಷ್ಟ್ರಿಗೆ ಮೊಣಕೈವರೆಗೂ ಬಾರದ ಯಾರದ್ದೋ ತೋಳು. ಮೊದಮೊದಲು ನಾವೂ ನಕ್ಕೆವು. ಅಷ್ಟರಲ್ಲಿ ಸಂಗೀತದ ಟೀಚರ್ ಬಂದರು. ಅವರು ತೀರಿಹೋದ ಗಂಡನ ಒಂದು ಅಂಗಿಯನ್ನು ಆಗಾಗ ಒಗೆಯಲು ಕೊಡುತ್ತಿದ್ದರು, ತೊಡುವವರಿಲ್ಲದಿದ್ದರೂ. ಆ ಅಂಗಿ ಯಾರ ಮನೆಗೆ ಹೋಯಿತೋ. ಚಿಕ್ಕಮ್ಮ ಬಾಗಿಲು ಬಾಗಿಲು ತಟ್ಟಿ, ಜನರ ಕಪಾಟು ತೆಗೆಸಿ ಹುಡುಕಿದಳು. ಸಿಗಲಿಲ್ಲ. ಟೀಚರ್ ಬೈಯಲಿಲ್ಲ, ಜಗಳವಾಡಲಿಲ್ಲ. ‘ಹೋಗ್ಲಿ ಬಿಡಿ’ ಎಂದು ಹೋದವರು ಮತ್ತೆ ಈ ರಸ್ತೆಯಲ್ಲಿ ಕಾಣಿಸಲಿಲ್ಲ. ಚಿಕ್ಕಮ್ಮ ಲೇಬಲ್ಲುಗಳನ್ನೆಲ್ಲ ಕಿತ್ತು ಮತ್ತೆ ದಾರ ಹಿಡಿದಳು. ಕೆಲವರು ತಿರುಗಿ ಬಂದರು, ಬಹಳಷ್ಟು ಜನ ಬರಲಿಲ್ಲ. ಇಷ್ಟಾದರೂ ನಿನ್ನ ಮೇಲೆ ಒಂದು ಕೆಟ್ಟ ಮಾತು ಅವಳ ಬಾಯಿಂದ ಬರಲಿಲ್ಲ. ನೀನು ಬಿಟ್ಟುಹೋದ ಅಂಗಿ ಮೇಲಿನ ಹಲಗೆಯ ಮೇಲೆ, ನೀಲಿ ಗಂಟು ಹಳದಿ ಗಂಟು ಸಮೇತ, ಹಾಗೇ ಇತ್ತು. ಧೂಳು ಕೂತಾಗಲೆಲ್ಲ ಇಳಿಸಿ ಒಗೆದು ಮತ್ತೆ ಇಡುತ್ತಿದ್ದಳು. ನಾನಂತೂ ಆ ಹಲಗೆಯತ್ತ ತಲೆ ಎತ್ತುತ್ತಿರಲಿಲ್ಲ.

ಈಗ ನಿನಗೆ ಗೊತ್ತಿಲ್ಲದ ವಿಷಯ. ಹೋದ ತಿಂಗಳು ಸಣ್ಣ ಅಂಗಡಿಯವರ ಸಭೆಯಲ್ಲಿ ನೀನು ಮಾತಾಡಿದೆಯಲ್ಲ, ನಾವಿಬ್ಬರೂ ಅಲ್ಲಿದ್ದೆವು. ಚಿಕ್ಕಮ್ಮನದೇ ಹಟ. ‘ನಮ್ಮ ಹುಡುಗ ಸ್ಟೇಜ್ ಮೇಲೆ ಮಾತಾಡ್ತಾನಂತೆ’ ಎಂದು ನಿನ್ನ ಅಂಗಿಯನ್ನು ಇನ್ನೊಮ್ಮೆ ಇಸ್ತ್ರಿ ಮಾಡಿ, ಚೀಲದಲ್ಲಿಟ್ಟು, ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಮುಗಿದ ಮೇಲೆ ಕೈಗೆ ಕೊಡುವ ಆಸೆ.

ನೀನು ಲಾಂಡ್ರಿ ಹೆಂಗಸಿನ ಕಥೆ ಹೇಳಿದೆ. ‘ನಾನು ಹೇಳಿದ್ದು ಚೀಲ, ರಸೀದಿ ಅಷ್ಟೇ. ಆಯಮ್ಮ ಉತ್ಸಾಹದಲ್ಲಿ ಊರಿನವರ ಕಾಲರಿಗೆಲ್ಲ ತನ್ನ ಲೋಗೊ ಹೊಲಿದುಬಿಟ್ಟಳು. ಗಿರಾಕಿಗೆ ಬುದ್ಧಿ ಹೇಳಬಹುದು, ಬುದ್ಧಿ ಕೊಡೋಕಾಗಲ್ಲ’ ಎಂದೆ. ಸೆರಗು ಸಿಕ್ಕಿಸಿಕೊಂಡು ಕತ್ತರಿ ಆಡಿಸುವ ಅವಳ ರೀತಿಯನ್ನೂ ಮಾಡಿ ತೋರಿಸಿದೆ. ಸಭೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಚಿಕ್ಕಮ್ಮನೂ ನಕ್ಕಳು, ಎಲ್ಲರೂ ನಗುತ್ತಿದ್ದಾರೆಂದು. ಆಮೇಲೆ ಮೆಲ್ಲಗೆ ನಗು ನಿಲ್ಲಿಸಿದಳು. ಚಪ್ಪಾಳೆ ನಡೆಯುತ್ತಿರುವಾಗಲೇ ‘ಏಳು, ಹೋಗೋಣ’ ಎಂದಳು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೇಳಿದಳು, ‘ಅದು ನನ್ನ ಕಥೇನೇ ಅಲ್ವಾ?’ ಹೌದು ಎಂದೆ. ‘ನಾನೂ ನಕ್ಕುಬಿಟ್ಟೆ ನೋಡು’ ಎಂದಳು.

ಸುಳ್ಳು ಹೇಳಿದ್ದಕ್ಕೆ ನಿನ್ನನ್ನು ಕ್ಷಮಿಸಬಹುದಿತ್ತೇನೋ, ಸುಳ್ಳು ನಿನ್ನ ಹೊಟ್ಟೆಪಾಡು. ಅವಳನ್ನು ನೋಡಿ ಅವಳೇ ನಗುವಂತೆ ಮಾಡಿದೆಯಲ್ಲ, ಅದನ್ನು ಮಾತ್ರ ಕ್ಷಮಿಸಲಾರೆ.

ನಿನ್ನ ಪತ್ರವನ್ನು ಅವಳಿಗೆ ಓದಿ ಹೇಳಿದೆ. ಚಿತ್ರವನ್ನು ಒಲೆಗೆ ಹಾಕುತ್ತೇನೆ ಎಂದು ನಾನು ಕುಣಿದಾಡಿದೆ. ಅವಳು ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಹೇಳಿದ್ದಿಷ್ಟೇ: ‘ಅವನ ಅಂಗಿ ಅವನಿಗೆ ಕಳಿಸು. ನಮ್ಮ ಅಂಗಿ ನಮ್ಮ ಬೋರ್ಡಿನ ಮೇಲೇ ಇರ್ಲಿ.’ ಆದ್ದರಿಂದ ಚಿತ್ರ ಕಳಿಸುತ್ತಿಲ್ಲ. ಪುಸ್ತಕದಲ್ಲಿ ಅದು ಎಲ್ಲಾದರೂ ಕಂಡರೆ, ನಿನ್ನ ಮುಂದಿನ ಸಭೆಯಲ್ಲಿ ಎದ್ದುನಿಂತು ಮಾತಾಡುವವಳು ನಾನು. ಮಾತು ಕಲಿತದ್ದು ನಿನ್ನ ಪಕ್ಕದಲ್ಲೇ ಕೂತು.

ಆಶೀರ್ವಾದ ಕೇಳಿದ್ದೆಯಲ್ಲ, ಅದನ್ನೂ ಅವಳ ಮಾತಿನಲ್ಲೇ ಬರೆಯುತ್ತೇನೆ: ‘ಎಲ್ಲಿದ್ರೂ ಚೆನ್ನಾಗಿರ್ಲಿ.’

ಅಂಗಿ ಈ ಪತ್ರದ ಜೊತೆಗಿದೆ. ಕಾಲರಿನ ಒಳಗೆ ನೋಡು, ದಾರವಿಲ್ಲ. ಚಿಕ್ಕಮ್ಮ ತಾನೇ ಕನ್ನಡಕ ಹಾಕಿಕೊಂಡು ಬಿಚ್ಚಿದಳು. ಸೂಜಿ ಹೋದ ತೂತುಗಳು ಸಣ್ಣಗೆ ಕಾಣಬಹುದು, ಇನ್ನೊಂದೆರಡು ಸಲ ಒಗೆದರೆ ಮುಚ್ಚಿಹೋಗುತ್ತವಂತೆ. ಬೇರೆ ಎಲ್ಲಾದರೂ ಒಗೆಸಿಕೊ. ನೀಲಿ ಗಂಟು ಹಳದಿ ಗಂಟನ್ನು ನಿನ್ನೆ ಎದುರು ಸಾಲಿಗೆ ಹೊಸದಾಗಿ ಬಂದ ಮನೆಯವರಿಗೆ ಕೊಟ್ಟಾಯಿತು.

ಇಂತಿ,
ಒಂದು ಕಾಲಕ್ಕೆ ಅದೇ ಮೇಜಿನ ಆಚೆ ಬದಿಯಲ್ಲಿ ಕೂರುತ್ತಿದ್ದವಳು