ಬಂದೂಕಿನ ಮೇಲಿನ ಹೆಸರು

ಕ್ಲೆಮೆಂಟಿ, ಸಿಂಗಪುರ, 2014

ಅಕ್ಕಾ,

ನನ್ನ ಸಂಗ್ರಹಕ್ಕೆ ಬೇಕಿದ್ದದ್ದು ಕೊನೆಗೂ ಸಿಕ್ಕಿತು! ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಬ್ರಿಟಿಷರಿಗೆ ಎರವಲು ಕೊಟ್ಟ ರೈಫಲ್. ನೀನು ಸ್ಟೀಲ್ ಪಾತ್ರೆಗೆ ಹೆಸರು ಹಾಕಿಸಿಯೇ ಪಕ್ಕದ ಮನೆಗೆ ಕೊಡುತ್ತೀಯಲ್ಲ, ಹಾಗೇ ಇದರ ಮೇಲೂ ‘ಅಮೆರಿಕದ ಸ್ವತ್ತು’ ಎಂದು ಇಂಗ್ಲಿಷಿನಲ್ಲಿ ಅಚ್ಚೊತ್ತಿದ್ದಾರೆ.

ಕೌಶಿಕ್ ರೇಗಿದ: “ಅಪ್ಪಾ, ಇಲ್ಲಿ ಗನ್ ಇಟ್ಕೊಂಡ್ರೆ ಜೈಲೇ!”

ಬಂದೂಕು ಯಾರಿಗೆ ಬೇಕು? ನನಗೆ ಆ ಅಚ್ಚು ಸಾಕು. ಅದು ಇರುವುದು ಇಲ್ಲಿನ ಮ್ಯೂಸಿಯಂನಲ್ಲಿ; ಅವರು ಆಗಲ್ಲ ಎಂದಷ್ಟು ಸಲವೂ ಮತ್ತೆ ಹೋದೆ. ಇವತ್ತು ಗಾಜು ತೆಗೆದರು. ಹಾಳೆ ಮರೆತಿದ್ದೆ, ಈ ಕಾರ್ಡನ್ನೇ ಅದರ ಮೇಲಿಟ್ಟು ಪೆನ್ಸಿಲಿನಿಂದ ಉಜ್ಜಿದೆ. ಮೂಲೆಯ ಕಪ್ಪು ಆ ಅಚ್ಚೇ, ಕೊಳೆ ಅಂತ ಒರೆಸಬೇಡ.

ಮಂಡಿನೋವು ಪರವಾಗಿಲ್ಲ.

ಈ ಕಾರ್ಡು ನಿನಗೆ ಬರೀ ಎರವಲು. ಅದಕ್ಕೇ ಹೆಸರು ಹಾಕಿದ್ದೇನೆ:

ದತ್ತಾತ್ರೇಯ