ಅಣ್ಣನ ಅಂಗಿಯ ಉಪ್ಪು

14 ಮೇ 1978, ಭಾನುವಾರ. ಮತ್ತೋಡು.

ಅಣ್ಣನ ಅಂಗಿ ತಲೆಯಿಂದ ಹೋಗುತ್ತಿಲ್ಲ.

ಕಡಲ ಅಲೆಯಿಂದ ಕರೆಂಟು ತೆಗೆಯಲೆಂದು ನೀರಿನ ಮೇಲೆ ಬಿಟ್ಟಿರುವ ದೊಡ್ಡ ಕಬ್ಬಿಣದ ಪೆಟ್ಟಿಗೆಯಲ್ಲಿ ನಮ್ಮಣ್ಣ ಕರಿಸಿದ್ದಣ್ಣ ಬೆಸುಗೆ ಹಾಕುವ ವೆಲ್ಡರ್. ವರ್ಷದ ಮೇಲೆ ಇವತ್ತು ಊರಿಗೆ ಬಂದ. ಹಟ್ಟಿಗೆ ಕಾಲಿಟ್ಟದ್ದೇ ತಡ, ಕುರಿಗಳು ಮುತ್ತಿಕೊಂಡು ಅವನ ಅಂಗಿ ನೆಕ್ಕತೊಡಗಿದವು.

"ನೋಡ್ರಿ, ಗುರುತು ಮರ್ತಿಲ್ಲ ಅವು," ಎಂದು ಅವ್ವ ಹಿಗ್ಗಿದಳು.

"ಗುರುತಲ್ಲವ್ವ, ಉಪ್ಪು. ಕಡ್ಲೂ ಹಿಂಗೇ ನೆಕ್ತೈತೆ ಕಬ್ಬಿಣಾನ," ಅಂದ ಅಣ್ಣ. ಜೇಬಿನಿಂದ ಒಂದು ಬೋಲ್ಟು ತೆಗೆದ. ಹೆಬ್ಬೆರಳಷ್ಟು ದಪ್ಪವಿದ್ದದ್ದು ಸವೆದು ದಬ್ಬಣದಷ್ಟಾಗಿತ್ತು. "ಅಲೆ ಸಣ್ಣವಾದ್ರೆ ಬಲ್ಬು ಹತ್ತಲ್ಲ, ದೊಡ್ಡವಾದ್ರೆ ಪೆಟ್ಟಿಗೇನೇ ಉಳಿಯಲ್ಲ."

ಮಳೆಗಾಲ ಹಿಡಿಯುವ ಮೊದಲು ಅದರೊಳಗೆ ಇಳಿದು ಬೆಸುಗೆ ಹಾಕಬೇಕಂತೆ. ಒಳಗೆ ಒಬ್ಬನಿಗಷ್ಟೇ ಜಾಗವಂತೆ. ನಾಳೆ ಬೆಳಗಿನ ಬಸ್ಸಿಗೇ ಹೊರಡುತ್ತಾನೆ.

ಅವ್ವ ಗಾಡಿಯ ಕೀಲೆಣ್ಣೆಯನ್ನು ಡಬ್ಬಿಗೆ ತುಂಬಿ ಕೊಟ್ಟಳು. "ಬೋಲ್ಟಿಗೆ ಇದ್ನ ಹಚ್ಚಪ್ಪ, ತುಕ್ಕು ಹತ್ರ ಬರಲ್ಲ."

ಅವನು ನಗಲಿಲ್ಲ. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡ.

ಅಂಗಿಯನ್ನು ಮೂರು ಸಲ ಒಗೆದು ಹಗ್ಗಕ್ಕೆ ಹಾಕಿದ್ದೆ. ಈಗ ಲಾಟೀನು ಹಿಡಿದು ಹೋಗಿ ನೋಡಿದರೆ, ಮರಿಯೊಂದು ಹಿಂಗಾಲ ಮೇಲೆ ನಿಂತು ಅದರ ಖಾಲಿ ತೋಳನ್ನು ಇನ್ನೂ ನೆಕ್ಕುತ್ತಿದೆ.