ಮಗುಚಿದ ಮೀನು, ಹೊರಟುಹೋದ ಹಡಗು

ಪ್ರೀತಿಯ ಕೊಕ್ಕರೆ ತಮ್ಮಾ,

ನಿನ್ನ ಹಡಗು ನಿನ್ನೆ ಹೊರಟಿತು. ನಿನ್ನ ಹತ್ತಿರ ಬರುತ್ತಿಲ್ಲ, ದಕ್ಷಿಣದವರ ಪಾಲಾಯಿತು. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹೋಗ್ಲಿ ಬಿಡಕ್ಕಾ" ಎಂದು ನಗುತ್ತೀಯ, ನನ್ನ ಸಿಟ್ಟು ಅರ್ಧಕ್ಕೇ ಆರಿಹೋಗುತ್ತದೆ. ಈ ಸಲ ಅದು ಆರಬಾರದು ಅಂತಲೇ ಕಾಗದ ಬರೆಯುತ್ತಿದ್ದೇನೆ. ನಡುವೆ ಬಾಯಿ ಹಾಕಲು ನಿನಗೆ ಅವಕಾಶವಿಲ್ಲ.

ಅದು ನಿನ್ನದೇ ಅಂತ ಯಾರೂ ಬರೆದುಕೊಟ್ಟಿರಲಿಲ್ಲ, ನನಗೆ ಗೊತ್ತು. ಹೋದ ತೆತ್ ಹೊಸವರ್ಷದ ಹಬ್ಬಕ್ಕೆ ಬಂದಾಗ ನೀನೇ ಹೇಳಿದ್ದು: "ನಮ್ಮ ಸಾಹೇಬ್ರು ಹೇಳ್ತಿದ್ರು, ಹಾಯ್ ಫಾಂಗ್‌ನಲ್ಲಿ ಕಟ್ತಿರೋ ಹೊಸದು ನಮಗೇ ಅಂತೆ." ಅಮ್ಮನಿಗೆ ಅಷ್ಟು ಸಾಕಾಯಿತು. ಕಾಮ್ ನದಿಯ ಈ ದಡದಲ್ಲಿ ಮೀನು ಮಾರುವವಳಿಂದ ಹಿಡಿದು ಐಸ್ ಹಾಕಿದ ಚಹಾ ಮಾರುವವಳವರೆಗೆ ಎಲ್ಲರಿಗೂ ಸಾರಿಬಂದಳು. ಅವತ್ತಿನಿಂದ ನಮ್ಮ ಹಡಗು ಕಾರ್ಖಾನೆಯ ಕಟ್ಟೆಯ ಮೇಲಿದ್ದ ಆ ಬೂದು ಒಡಲು "ಖಿಯೆಮ್‌ನ ಹಡಗು" ಆಗಿಬಿಟ್ಟಿತು. ಬೆಸುಗೆ ಹಾಕುವಾಗ ಕಿಡಿ ನನ್ನ ಕಾಲರಿನೊಳಗೆ ಬಿದ್ದರೆ ಪಕ್ಕದವಳು "ತಮ್ಮನ ಹಡಗು ನಿಂಗೇ ಹಾರ ಹಾಕ್ತಿದೆಯೇನೇ, ಕತ್ತು ಮುಟ್ಕೋತೀಯ?" ಎಂದು ಛೇಡಿಸುತ್ತಿದ್ದಳು.

ನಿನ್ನ ಈಗಿನ ಕಾವಲು ಹಡಗಿನ ಬಗ್ಗೆ ಏನು ಹೇಳಲಿ. ನೀನು ಎಂಜಿನಿನ ಕೆಮ್ಮನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತೀಯ. ಆದರೆ ಹಣೆಯ ಮೇಲಿನ ಆ ಹೊಲಿಗೆ? ಎದುರಿಗೆ ಬಂದ ಪರದೇಶದ ದೊಡ್ಡ ಹಡಗು ನೀರಿನ ಫಿರಂಗಿ ಬಿಟ್ಟಿತು, ಗಾಜು ಒಡೆಯಿತು, ನೀನು ಒಳಗೆ ಓಡಿದೆ, ಆ ಗಿಡ್ಡ ಬಾಗಿಲಿನ ಕಬ್ಬಿಣದ ಚೌಕಟ್ಟಿಗೆ ಹಣೆ ಬಡಿಯಿತು. ಇದೆಲ್ಲ ನಿನ್ನ ಗೆಳೆಯನಿಂದ ನನಗೆ ಗೊತ್ತಾಗಿದ್ದು. ಅಮ್ಮನಿಗೆ ನೀನು "ಗಡ್ಡ ಹೆರೆಯೋವಾಗ ಕುಯ್ಕೊಂಡೆ" ಎಂದೆ. "ಗಡ್ಡ ನಿಂಗೆ ಹಣೆ ಮೇಲೆ ಬೆಳಿಯುತ್ತೇನೋ, ಕೋತಿ?" ಎಂದು ಕೇಳಿ ಅವಳು ಒಲೆಯ ಕಡೆ ತಿರುಗಿಕೊಂಡಳು.

ಅದಕ್ಕೇ ಹೊಸ ಹಡಗಿನ ನಕ್ಷೆ ಕೈಗೆ ಸಿಕ್ಕಾಗ ನಾನು ಮೊದಲು ನೋಡಿದ್ದು ನಾವಿಕರ ಕೋಣೆಯನ್ನು. ಬಾಗಿಲು ಪರವಾಗಿಲ್ಲ, ಎತ್ತರವಿತ್ತು. ಆದರೆ ಮೇಲಿನ ಮಂಚದ ತಲೆದಿಂಬಿನ ನೇರ ಮೇಲೆಯೇ ಗಾಳಿ ಬರುವ ಕೊಳವೆ ಹಾದುಹೋಗಿತ್ತು. ನೀನು ಮೇಲಿನ ಮಂಚವನ್ನು ಯಾರಿಗಾದರೂ ಬಿಟ್ಟುಕೊಟ್ಟಿದ್ದುಂಟೇ? ಚಿಕ್ಕಂದಿನಲ್ಲಿ ಅದಕ್ಕಾಗಿ ನನ್ನ ಕೈ ಕಚ್ಚಿದವನು ನೀನು. ಗಂಟೆ ಬಾರಿಸಿದ ಕೂಡಲೇ ನಿದ್ದೆಗಣ್ಣಲ್ಲಿ ಎದ್ದು ಕೂರುತ್ತೀಯ, ಆ ಕೊಳವೆ ನಿನ್ನ ಹಣೆಗೆ ಮುತ್ತು ಕೊಡುತ್ತದೆ. ನನಗೆ ಅದೇ ಕಣ್ಣಿಗೆ ಕಟ್ಟಿತು.

ನಕ್ಷೆಯ ಎಂಜಿನಿಯರ್ ವಿನ್ ಎಂಬ ಹುಡುಗನ ಹತ್ತಿರ ಹೋದೆ. ಸಮುದ್ರದ ಗಾಳಿಯೇ ಬೀಸದ ಬೆಟ್ಟದ ಊರಿನವನು, ಒಳ್ಳೆಯ ಸ್ವಭಾವ, ಕನ್ನಡಕ ಒರೆಸುತ್ತಲೇ ಮಾತಾಡುತ್ತಾನೆ. "ಅಕ್ಕಾ, ಅದೊಂದು ಸರಿಸಿದ್ರೆ ಕೇಬಲ್ ಸರೀಬೇಕು, ಕೇಬಲ್ ಸರಿದ್ರೆ ನೀರಿನ ಪೈಪು ಸರೀಬೇಕು, ಆಮೇಲೆ ಎಲ್ಲಾದಕ್ಕೂ ಮೇಲಿನವ್ರ ಸಹಿ ಬೇಕು" ಎಂದ. ಅವನು ಹೇಳಿದ್ದು ನಿಜವೇ. ನಿಜ ಅಂತ ನನ್ನ ಸಿಟ್ಟೇನೂ ಇಳಿಯಲಿಲ್ಲ.

ಅಷ್ಟರಲ್ಲಿ ಗೇರ್‌ಬಾಕ್ಸಿನ ರಗಳೆ ಶುರುವಾಯಿತು. ಒಡಲು ನಮ್ಮದು, ಬೆಸುಗೆ ನಮ್ಮದು, ಬಣ್ಣ ನಮ್ಮದು. ಎಂಜಿನ್ ಒಂದು ದೇಶದ್ದು, ರೇಡಾರ್ ಇನ್ನೊಂದು ದೇಶದ್ದು, ಗೇರ್‌ಬಾಕ್ಸ್ ಎಲ್ಲಿಂದಲೋ ಬರಬೇಕು, ಬರುತ್ತಿಲ್ಲ. ಹೆಬ್ಬಾಗಿಲಿಗೆ "ವಿಯೆಟ್ನಾಮಿನ ಕೈ, ವಿಯೆಟ್ನಾಮಿನ ಹಡಗು" ಎಂದು ಕೆಂಪು ಬಟ್ಟೆ ಕಟ್ಟಿದ್ದರು. ಕಾಯುತ್ತಾ ಕಾಯುತ್ತಾ ಆ ಬಟ್ಟೆಯೇ ಬಿಸಿಲಿಗೆ ಬೆಳ್ಳಗಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವ ಹಾಗೆ, ಸಿದ್ಧವಾದ ಹಡಗಿನ ಹೊಟ್ಟೆಯಲ್ಲಿ ಒಂದು ದೊಡ್ಡ ತೂತು ಬಿಟ್ಟುಕೊಂಡು ಕೂತೆವು. ನೀನು ಪ್ರತಿ ಸಲ "ಅಕ್ಕಾ, ಎಲ್ಲಿಗೆ ಬಂತು?" ಎಂದು ಕೇಳುತ್ತಿದ್ದೆ. "ಬಂತು ಬಂತು" ಎನ್ನುತ್ತಿದ್ದೆ. ಹಾಗೆ ಹೇಳಿ ಫೋನ್ ಇಟ್ಟಮೇಲೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಕ್ಯಾಂಟೀನಿನಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. ಒಂದೇ ತಟ್ಟೆಯಲ್ಲಿ ಹುರಿದ ಮೀನು. ಮೇಲಿನ ಮಗ್ಗುಲು ಮುಗಿಯಿತು. ನಮ್ಮಲ್ಲಾದರೆ ಮುಳ್ಳನ್ನು ಮೆಲ್ಲಗೆ ಬಿಡಿಸಿ ಕೆಳಗಿನದನ್ನು ತಿನ್ನುತ್ತೇವೆ. ಆ ಪುಣ್ಯಾತ್ಮ ವಿನ್ ಎರಡು ಊಟದ ಕಡ್ಡಿ ತೂರಿಸಿ ಮೀನನ್ನು ಮಗುಚಿಯೇಬಿಟ್ಟ! ಮೀನು ಮಗುಚಿದರೆ ದೋಣಿ ಮಗುಚಿದಂತೆ ಅಂತ ಅಮ್ಮ ನಮ್ಮ ಬೆರಳಿಗೆ ಎಷ್ಟು ಸಲ ಹೊಡೆದಿಲ್ಲ. ನಮ್ಮ ಮೇಸ್ತ್ರಿ ತುವಾತ್ ದೊಡ್ಡಪ್ಪ ಎದ್ದು ನಿಂತರು.

"ಯಾವೂರಯ್ಯಾ ನಿಂದು? ಹಡಗು ಕಟ್ಟೋಕ್ಕೆ ಬಂದಿದೀಯಾ, ಮುಳುಗ್ಸೋಕ್ಕೆ ಬಂದಿದೀಯಾ?"

"ಕೆಳಗೂ ಮಾಂಸ ಇತ್ತಲ್ಲ ದೊಡ್ಡಪ್ಪಾ..." ಎಂದ ಅವನು.

ಅದೇ ಮಧ್ಯಾಹ್ನ ಸುದ್ದಿ ಬಂತು, ಗೇರ್‌ಬಾಕ್ಸ್ ಇನ್ನೂ ತಡವಂತೆ. ಅಲ್ಲಿಗೆ ಮುಗಿಯಿತು ಅವನ ಕತೆ. ಸಾವಿರಾರು ಮೈಲಿ ಆಚೆ ಯಾರೋ ಮಾಡಿದ ತಡಕ್ಕೂ ಅವನ ಕಡ್ಡಿಯೇ ಕಾರಣವಾಯಿತು. ಗೇಟಿನ ಕಾವಲುಗಾರ ಕೂಡ ಅವನನ್ನು "ಮೀನಪ್ಪ" ಎಂದು ಕರೆಯತೊಡಗಿದ. ಪಾಪ ಅನ್ನಿಸಿತು. ಆದರೆ ಪಾಪ ಅಂತ ಸುಮ್ಮನಿರುವವಳು ನಿನ್ನ ಅಕ್ಕನಲ್ಲ. ಅವನ ಕೋಣೆಗೆ ಹೋದೆ.

"ನೋಡಪ್ಪಾ, ದೋಷ ಆಗಿದೆ. ಪರಿಹಾರ ಆಗ್ಬೇಕಲ್ಲ?"

"ಏನ್ ಮಾಡ್ಲಿ ಅಕ್ಕಾ, ಧೂಪ ಹಚ್ಲಾ?"

"ಧೂಪ ನಾನ್ ಹಚ್ತೀನಿ. ನೀನು ಆ ಕೊಳವೆ ಪಕ್ಕಕ್ಕೆ ಸರಿಸು."

ಅವನು ಮೊದಲು ನಕ್ಕ, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. ಹೇಗೂ ಕೆಲಸ ನಿಂತಿತ್ತು, ಪುರುಸೊತ್ತಿತ್ತು. ಕೇಬಲ್ ಸರಿಸಿ, ಪೈಪು ಸರಿಸಿ, ಸಹಿಗಾಗಿ ಮೇಲೆ ಕೆಳಗೆ ಓಡಾಡಿ, ಕಡೆಗೂ ಹೊಸ ನಕ್ಷೆ ತಂದ. ಆ ಮೇಲಿನ ಮಂಚದ ಪ್ರತಿ ಬೆಸುಗೆಯನ್ನೂ ನಾನೇ ಹಾಕಿದೆ, ಬೇರೆಯವರನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಮುಗಿದಮೇಲೆ ಹತ್ತಿ ಮಲಗಿ, ತಟ್ಟನೆ ಎದ್ದು ಕೂತು ನೋಡಿದೆ. ನಾನು ಕುಳ್ಳಿ, ಲೆಕ್ಕಕ್ಕಿಲ್ಲ. ಕೈ ಮೇಲೆತ್ತಿ ನೋಡಿದೆ. ನಿನ್ನ ತಲೆಗೆ ಜಾಗವಿತ್ತು.

ಗೇರ್‌ಬಾಕ್ಸ್ ಬಂತು, ಕೂತಿತು. ನೀರಿಗಿಳಿಸಿದ ದಿನ ಕೋಳಿ, ಅನ್ನ, ಧೂಪ ಎಲ್ಲ ಇಟ್ಟೆವು. ತುವಾತ್ ದೊಡ್ಡಪ್ಪ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನೀನು ನಗಬಹುದು. ಆದರೆ ನಿಜವಾಗಿ ಚೆಂದವಿತ್ತು ಕಣೋ. ಪರೀಕ್ಷೆಗೆ ಸಮುದ್ರಕ್ಕೆ ಹೋಗಿ ಬಂತು, ಒಂದು ತೊಟ್ಟು ನೀರು ಒಳಗೆ ಬರಲಿಲ್ಲ. ಅಮ್ಮ ನಿನಗೆ ಕಳಿಸಲೆಂದು ಖಾರದ ರೊಟ್ಟಿಕಡ್ಡಿ ಕಟ್ಟಿಟ್ಟಳು. ಅದಾದ ಮೇಲೆ ದೊಡ್ಡಪ್ಪ ಬಂದು, ನನ್ನ ಹೆಲ್ಮೆಟ್ಟಿನ ಮೇಲೆ ಬೆರಳಿಂದ ತಟ್ಟಿ, "ಥೋವಾ, ಹಡಗು ದಕ್ಷಿಣಕ್ಕಂತೆ. ಅಲ್ಲಿ ಅರ್ಜೆಂಟಂತೆ" ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಯಾರ ಹತ್ತಿರ ಜಗಳವಾಡಲಿ? ಅರ್ಜೆಂಟು ನಿನಗೆ ಇಲ್ಲವೇ? ಇನ್ನೊಂದು ಚಳಿಗಾಲ, ಇನ್ನೊಂದು ಗಾಳಿಯ ಕಾಲ, ನೀನು ಅದೇ ಕೆಮ್ಮುವ ಡಬ್ಬಿಯಲ್ಲೇ! ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಳಲಿಲ್ಲ, ಬೈಯಲಿಲ್ಲ. "ಹಂಗಾದ್ರೆ ಅವನ ತಲೆ?" ಎಂದಳು, ಅಷ್ಟೆ.

ಹಡಗು ಒಪ್ಪಿಸಿಕೊಳ್ಳಲು ದಕ್ಷಿಣದ ಹುಡುಗರು ಬಂದರು. ಒಂದು ಕೊಕ್ಕೆ ಸರಿಮಾಡಲು ನಾವಿಕರ ಕೋಣೆಗೆ ಹೋದೆ. ನಿನ್ನ ಮಂಚದ ಮೇಲೆ ಒಬ್ಬ ಮಲಗಿದ್ದ. ಎಂಥವನು ಅಂತೀಯ? ನನ್ನ ಭುಜಕ್ಕೆ ಬರುವವನು! ಕಾಮಾವ್‌ನವನಂತೆ, ಮನೆಯ ಕಿರಿಮಗನಂತೆ, ಹೆಸರೂ ಅದೇ, ಊತ್ ಅಂದರೆ ಅವರ ಕಡೆ ಕಿರಿಯವನು. ಎರಡೂ ಕೈ ಚಾಚಿ ಮೇಲಿನ ಕೊಳವೆ ಮುಟ್ಟಲು ನೋಡುತ್ತಿದ್ದ.

"ಅಕ್ಕಾ, ಎಷ್ಟು ಜಾಗ ಬಿಟ್ಟಿದಾರೆ ನೋಡಿ! ಇಲ್ಲೇ ಕೂತ್ಕೊಂಡು ಅನ್ನಾನೂ ಉಣ್ಬೋದು!"

ಕೆನ್ನೆಗೆ ಬಾರಿಸಬೇಕು ಅನ್ನಿಸಿತು. "ನಿಂಗ್ಯಾಕಪ್ಪಾ ಇಷ್ಟೊಂದು ಜಾಗ?" ಎಂದೆ. ಅವನಿಗೆ ಕೇಳಲಿಲ್ಲ. ಇನ್ನೊಂದು ಸಲ ಜೋರಾಗಿ ಕೇಳಿದೆ. ತಲೆ ತಿರುಗಿಸಿ ಬಲಗಿವಿ ಮುಂದೆ ತಂದ. ಎಡಗಿವಿ ಹೋಗಿದೆಯಂತೆ. ಅವನಿಗೂ ನೀರಿನ ಫಿರಂಗಿಯೇ. "ನಮ್ಮವ್ವ ಹೇಳ್ತಾಳೆ, ಇನ್ನೂ ಬೆಳೀತೀಯ ಅಂತ" ಎಂದು ಹಲ್ಲು ಬಿಟ್ಟ. ಅವನ ಮೇಲೆ ನೆಮ್ಮದಿಯಾಗಿ ಸಿಟ್ಟು ಮಾಡಿಕೊಳ್ಳಲೂ ಅವನು ಬಿಡಲಿಲ್ಲ. ಅಮ್ಮನ ರೊಟ್ಟಿಕಡ್ಡಿ ಅರ್ಧ ಅವನಿಗೆ ಕೊಟ್ಟೆ. ಉಳಿದರ್ಧ ದಡದ ಮೇಲೆ ನಿಂತು, ಹಡಗು ನದಿಯ ತಿರುವು ದಾಟುವವರೆಗೆ ನಾನೇ ತಿಂದೆ. ಕಣ್ಣಲ್ಲಿ ನೀರು ಬಂದಿದ್ದು ಬರೀ ಖಾರಕ್ಕಲ್ಲ.

ಈಗ ಮುಂದಿನ ಹಡಗಿನ ತಗಡು ಕತ್ತರಿಸಲು ಶುರುಮಾಡಿದ್ದೇವೆ. ಇದು ನಿಮ್ಮ ಕಡೆಗೆ ಎನ್ನುತ್ತಿದ್ದಾರೆ. ನಾನು ನಂಬಿಲ್ಲ, ಅಮ್ಮನಿಗೆ ಹೇಳಿಯೂ ಇಲ್ಲ. ನಕ್ಷೆ ಬಂತು. ಕೊಳವೆ ಮತ್ತೆ ಹಳೇ ಜಾಗದಲ್ಲೇ! ಆ ಬದಲಾವಣೆ ಆ ಒಂದು ಹಡಗಿಗೆ ಮಾತ್ರವಂತೆ. ವಿನ್ ನನ್ನನ್ನು ದೂರದಿಂದ ಕಂಡವನೇ ಕೈಮುಗಿದ. "ಈ ಸಲ ನಾನ್ ಮೀನು ಮಗುಚಿಲ್ಲ ಅಕ್ಕಾ!"

ಇವತ್ತು ಊಟಕ್ಕೆ ಅವನ ಎದುರಿಗೇ ಕೂತೆ. ಮೀನಿನ ಮೇಲಿನ ಮಗ್ಗುಲು ಮುಗಿದಿತ್ತು, ಅವನು ನೀರು ಕುಡಿಯಲು ಎದ್ದಿದ್ದ. ನಾನೇ ಮಗುಚಿ ಅವನ ಮೇಲೆ ಹೊರಿಸಿಬಿಡೋಣ ಅಂತ ಕಡ್ಡಿ ಎತ್ತಿದೆ. ಆಗಲಿಲ್ಲ, ತಮ್ಮಾ. ನೀನು ನೀರಿನ ಮೇಲಿದ್ದೀಯ. ಕಡ್ಡಿ ಕೆಳಗಿಟ್ಟೆ. ಇನ್ನು ಬಾಯಿಂದಲೇ ಜಗಳವಾಡಬೇಕು. ಆಡುತ್ತೇನೆ, ನಾಳೆಯಿಂದಲೇ.

ಅಲ್ಲಿಯವರೆಗೆ ನಿನಗೆ ಅಕ್ಕನ ಹಾರೈಕೆ ಇಷ್ಟೇ: ಎದುರಿಗೆ ಎಷ್ಟು ದೊಡ್ಡ ಹಡಗೇ ಬರಲಿ, ಯಾರ ಮುಂದೆಯೂ ತಲೆ ತಗ್ಗಿಸಬೇಡ. ಆ ದರಿದ್ರ ಬಾಗಿಲಲ್ಲಿ ಮಾತ್ರ ತಗ್ಗಿಸು.

ನಿನ್ನ ಕುಳ್ಳಿ ಅಕ್ಕ,
ಥೋವಾ